ಬಿಲ್ಲು ಬೇಟೆಗೆ ಹಗುರ ಟ್ರೀ ಸ್ಟ್ಯಾಂಡ್ ಆರಿಸುವುದು: ಚೀಟಿಯ ಮೇಲಿನ ತೂಕವೇ ಪೂರ್ತಿ ತೂಕವಲ್ಲ

ಟ್ರೀ ಸ್ಟ್ಯಾಂಡ್ ಎಂದರೆ ಬೇಟೆಗಾರ ಮರದ ಮೇಲೆ ಕೂರಲು ಕಟ್ಟಿಕೊಳ್ಳುವ ಅಟ್ಟಣಿಗೆ. ಅಂಗಡಿಯಲ್ಲಿ ಟ್ರೀ ಸ್ಟ್ಯಾಂಡ್‌ಗೆ ಅಂಟಿಸಿದ ಚೀಟಿ '11 ಪೌಂಡ್' ಎಂದರೆ ಅದು ಸ್ಟ್ಯಾಂಡೊಂದರದೇ ತೂಕ. ಮರಕ್ಕೆ ಬಿಗಿದು ಹತ್ತಲು ಬೇಕಾದ, ಮೆಟ್ಟಿಲಿರುವ ಕೋಲುಗಳಾದ ಸ್ಟಿಕ್‌ಗಳು, ಬಿಗಿಯುವ ಪಟ್ಟಿಗಳು, ಬಿದ್ದರೆ ತಡೆಯಲು ಮೈಗೆ ತೊಡುವ ಪಟ್ಟಿಗಳ ಹಾರ್ನೆಸ್, ಬಿಲ್ಲನ್ನು ಮೇಲೆ ಎಳೆದುಕೊಳ್ಳುವ ಹಗ್ಗ ಯಾವುದೂ ಆ ಲೆಕ್ಕಕ್ಕೆ ಸೇರಿಲ್ಲ. ಕತ್ತಲಲ್ಲಿ ಒಂದು ಮೈಲಿ ಹೊತ್ತು ನಡೆಯುವಾಗ ಬೆನ್ನಿಗೆ ತಿಳಿಯುವುದು ಎಲ್ಲ ಸೇರಿದ ಭಾರ. ಹಾಗಾಗಿ ಸ್ಟ್ಯಾಂಡ್ ಆರಿಸುವಾಗ ಇಡೀ ಹೊರೆಯ ಲೆಕ್ಕ ಹಾಕಬೇಕು. ಆ ಹೊರೆಯಲ್ಲಿ ಯಾವುದನ್ನು ಕಡಿಮೆ ಮಾಡಬಹುದು, ಯಾವುದನ್ನು ಮುಟ್ಟಬಾರದು ಎಂಬುದೂ ಗೊತ್ತಿರಬೇಕು.

ಇಲ್ಲಿರುವ ವಿಷಯ ಅಮೆರಿಕದ ವೈಟ್‌ಟೇಲ್ ಜಿಂಕೆ ಬೇಟೆಗೆ ಸಂಬಂಧಿಸಿದ್ದು. ಮಿಶಿಗನ್, ವಿಸ್ಕಾನ್ಸಿನ್, ಪೆನ್ಸಿಲ್ವೇನಿಯಾದಂಥ ರಾಜ್ಯಗಳಲ್ಲಿ ಲೈಸೆನ್ಸ್ ಪಡೆದು ಸಾರ್ವಜನಿಕ ಜಾಗದಲ್ಲಿ ಬೇಟೆಗೆ ಹೋಗುವವರಿಗೆ ಇದು. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಬೇಟೆ ನಿಷಿದ್ಧ, ಆದ್ದರಿಂದ ಊರಿಗೆ ಹೋದಾಗ ಈ ಹವ್ಯಾಸವನ್ನು ಅಮೆರಿಕದಲ್ಲೇ ಬಿಟ್ಟು ಹೋಗಿ.

ಮೊದಲು ಮರ, ಆಮೇಲೆ ಸ್ಟ್ಯಾಂಡ್

ಹೊತ್ತೊಯ್ಯಲು ಬರುವ ಸ್ಟ್ಯಾಂಡ್‌ಗಳು ಮೂರು ಬಗೆ: ಕ್ಲೈಂಬರ್, ಹ್ಯಾಂಗ್-ಆನ್, ಸ್ಯಾಡಲ್. ಏಣಿ ಜೋಡಿಸಿದ ಲ್ಯಾಡರ್ ಸ್ಟ್ಯಾಂಡ್ ಸ್ವಂತ ಜಮೀನಿನಲ್ಲಿ ವರ್ಷಗಟ್ಟಲೆ ನಿಲ್ಲಿಸುವಂಥದ್ದು, ಅದರ ಮಾತು ಇಲ್ಲಿ ಬೇಡ.

ಕ್ಲೈಂಬರ್‌ಗೆ ಎರಡು ಭಾಗ. ಮೇಲಿನದು ಸೀಟು, ಕೆಳಗಿನದು ಕಾಲಿಡುವ ತಟ್ಟೆ. ನಮ್ಮ ಮಲೆನಾಡಿನ ಕೊನೆಗಾರ ಕಾಲಿಗೆ ತಳೆ ಹಾಕಿಕೊಂಡು ಅಡಿಕೆ ಮರ ಏರುವ ಹಾಗೆಯೇ ಇದರ ಕೆಲಸ: ಮೇಲಿನ ಭಾಗವನ್ನು ಎತ್ತಿ ಕೂರಿಸಿ ಅದರ ಮೇಲೆ ಭಾರ ಬಿಡುವುದು, ಆಮೇಲೆ ಕಾಲಿನಿಂದ ಕೆಳಗಿನ ಭಾಗವನ್ನು ಎಳೆದುಕೊಳ್ಳುವುದು. ಸ್ಟಿಕ್ ಬೇಕಿಲ್ಲ. ಆದರೆ ಮರವೂ ಅಡಿಕೆ ಮರದಂತೆ ನೇರವಾಗಿ, ಇಪ್ಪತ್ತು ಅಡಿಯವರೆಗೆ ಕೊಂಬೆಯಿಲ್ಲದೆ ಇರಬೇಕು. ಪೈನ್ ತೋಪಿನಲ್ಲಿ, ಎಳೆಯ ಓಕ್ ಕಾಡಿನಲ್ಲಿ ಅಂಥ ಮರ ಬೇಕಾದಷ್ಟು. ಟೆಕ್ಸಾಸ್‌ನ ಮೆಸ್ಕೀಟ್ ಪೊದೆಗಳ ನಡುವೆ ಅಥವಾ ಅಯೋವಾದ ಹೊಲದಂಚಿನ ಸೊಟ್ಟ ಮರಗಳ ಸಾಲಿನಲ್ಲಿ ಕ್ಲೈಂಬರ್ ಹೊತ್ತವರು ಮರ ಹುಡುಕುತ್ತಲೇ ಬೆಳಗು ಮಾಡುತ್ತಾರೆ. ಕೊಂಬೆ ಕಡಿದುಕೊಂಡು ಏರುತ್ತೇನೆ ಎಂದರೆ ಹೆಚ್ಚಿನ ಸಾರ್ವಜನಿಕ ಜಾಗಗಳಲ್ಲಿ ಹಸಿ ಕೊಂಬೆ ಕಡಿಯುವುದೇ ಅಪರಾಧ.

ತೊಗಟೆಯನ್ನೂ ನೋಡಬೇಕು. ಶ್ಯಾಗ್‌ಬಾರ್ಕ್ ಹಿಕರಿಯ ತೊಗಟೆ ಹಾಳೆ ಹಾಳೆಯಾಗಿ ಏಳುತ್ತದೆ. ಕ್ಲೈಂಬರ್‌ನ ಹಲ್ಲು ಕಚ್ಚಿದ್ದು ತೊಗಟೆಯನ್ನೇ ಹೊರತು ಮರವನ್ನಲ್ಲ, ಭಾರ ಬಿದ್ದೊಡನೆ ಜಾರುತ್ತದೆ. ಬೀಚ್, ಆಸ್ಪೆನ್ ಮರಗಳ ನುಣುಪು ತೊಗಟೆಯ ಮೇಲೆ ಇಬ್ಬನಿ ಹೆಪ್ಪುಗಟ್ಟಿದ ಬೆಳಗ್ಗೆಯೂ ಹೀಗೇ. ಇನ್ನು ಆ್ಯಶ್ ಮರ: 2002ರಲ್ಲಿ ಡೆಟ್ರಾಯಿಟ್ ಬಳಿ ಮೊದಲು ಪತ್ತೆಯಾದ ಎಮರಾಲ್ಡ್ ಆ್ಯಶ್ ಬೋರರ್ ಎಂಬ ಕೀಟ ಅಲ್ಲಿಂದೀಚೆಗೆ ಕೋಟಿಗಟ್ಟಲೆ ಆ್ಯಶ್ ಮರಗಳನ್ನು ಕೊಂದಿದೆ. ಸತ್ತ ಆ್ಯಶ್ ನೋಡಲು ಗಟ್ಟಿಯಾಗಿ, ನೇರವಾಗಿ ನಿಂತಿರುತ್ತದೆ, ಆದರೆ ಒಳಗೆ ಪೆಡಸಾಗಿ ತಟ್ಟನೆ ಮುರಿಯುತ್ತದೆ. ಯಾವ ಬಗೆಯ ಸ್ಟ್ಯಾಂಡನ್ನೂ ಅದಕ್ಕೆ ಕಟ್ಟಬೇಡಿ. ಎಲೆ ಉದುರಿದ ನವೆಂಬರ್‌ನಲ್ಲಿ ಸತ್ತ ಮರ ಯಾವುದು, ಬದುಕಿರುವುದು ಯಾವುದು ಎಂದು ತಿಳಿಯುವುದು ಕಷ್ಟ, ಆದ್ದರಿಂದ ಆಗಸ್ಟ್‌ನಲ್ಲೇ ಹೋಗಿ ಮರ ಗುರುತಿಸಿಟ್ಟುಕೊಳ್ಳಿ.

ಸಾಮಾನ್ಯವಾಗಿ ಸ್ಟ್ಯಾಂಡ್‌ಗಳು ಸುಮಾರು 8ರಿಂದ 20 ಇಂಚು ದಪ್ಪದ ಮರಕ್ಕೆ ಹೊಂದುತ್ತವೆ. ಕಣ್ಣಂದಾಜು ಇಲ್ಲಿ ಕೈಕೊಡುತ್ತದೆ. ಟೇಪಿನಲ್ಲಿ ಸುತ್ತಳತೆ ಹಿಡಿಯಿರಿ: 25 ಇಂಚಿಗಿಂತ ಕಡಿಮೆ ಇದ್ದರೆ ಮರ ತೀರಾ ಸಣ್ಣದು, 63 ಇಂಚು ದಾಟಿದರೆ ತೀರಾ ದಪ್ಪ.

ಮರದ ವಿಷಯದಲ್ಲಿ ಹ್ಯಾಂಗ್-ಆನ್ ಹೆಚ್ಚು ಉದಾರಿ. ಒಂದು ಕಂಬ, ಒಂದು ಸೀಟು, ಒಂದು ತಟ್ಟೆ, ಪಟ್ಟಿಯಿಂದ ಬಿಗಿಯುವುದು. ಕೊಂಬೆ ಇದ್ದರೂ ನಡೆಯುತ್ತದೆ, ಬಳಸಿಕೊಂಡು ಹತ್ತಬಹುದು. ಕೊಂಚ ವಾಲಿದ ಮರಕ್ಕೂ ಕಟ್ಟಬೇಕೆಂದಿದ್ದರೆ ಸೀಟನ್ನೂ ತಟ್ಟೆಯನ್ನೂ ಬೇರೆ ಬೇರೆಯಾಗಿ ಮಟ್ಟ ಮಾಡಲು ಬರುವ ಮಾದರಿಯನ್ನೇ ಕೊಳ್ಳಿ. ಸ್ಯಾಡಲ್ ಇನ್ನೂ ಹಗುರ: ಸೊಂಟಕ್ಕೂ ತೊಡೆಗೂ ಬಟ್ಟೆಯ ತೊಟ್ಟಿಲು ಕಟ್ಟಿಕೊಂಡು ಮರದ ಕಡೆ ಮುಖ ಮಾಡಿ ಹಗ್ಗದಲ್ಲಿ ಒರಗುವುದು, ಕಾಲಿಗೆ ಪಾದ ಊರುವಷ್ಟೇ ಜಾಗದ ಚಿಕ್ಕ ತಟ್ಟೆ. ಅಭ್ಯಾಸವಾಗುವ ತನಕ ಮಂಡಿ, ಸೊಂಟ ದೂರು ಹೇಳುತ್ತವೆ.

ಹೊರೆಯ ಲೆಕ್ಕ

ಅಮೆರಿಕದ ಚೀಟಿಗಳೆಲ್ಲ ಪೌಂಡಿನಲ್ಲೇ ಇರುವುದರಿಂದ ನಾವೂ ಪೌಂಡಿನಲ್ಲೇ ಲೆಕ್ಕ ಹಾಕೋಣ. ಒಂದು ಪೌಂಡ್ ಎಂದರೆ ಸುಮಾರು 450 ಗ್ರಾಂ.

ಹ್ಯಾಂಗ್-ಆನ್ 11 ಪೌಂಡ್ ಎಂದುಕೊಳ್ಳಿ. ತಲಾ ಎರಡೂವರೆ ಪೌಂಡಿನ ನಾಲ್ಕು ಸ್ಟಿಕ್ ಸೇರಿದರೆ 21. ಹಾರ್ನೆಸ್ 3, ಸೊಂಟದ ಹಗ್ಗ, ಮೇಲಿನಿಂದ ನೆಲದವರೆಗೆ ಇಳಿಬಿಡುವ ರಕ್ಷಣಾ ಹಗ್ಗವಾದ ಲೈಫ್‌ಲೈನ್, ಕೊಕ್ಕೆ ಎಲ್ಲ ಸೇರಿ ಇನ್ನೆರಡು. ಒಟ್ಟು 26 ಪೌಂಡ್, ಹತ್ತಿರ ಹತ್ತಿರ 12 ಕಿಲೋ. ಕ್ಲೈಂಬರ್‌ಗಳಲ್ಲಿ ಹೆಸರಾದ ಸಮಿಟ್ ವೈಪರ್ ಎಸ್‌ಡಿ 20 ಪೌಂಡ್ ತೂಗುತ್ತದೆ. ಹಾರ್ನೆಸ್, ಹಗ್ಗ ಸೇರಿ 24. ಅಂದರೆ ಚೀಟಿಯಲ್ಲಿ ಹೆಚ್ಚೂಕಡಿಮೆ ದುಪ್ಪಟ್ಟು ಭಾರ ಕಾಣುವ ಕ್ಲೈಂಬರ್ ಬೆನ್ನ ಮೇಲೆ ಎರಡು ಪೌಂಡ್ ಹಗುರ. ಸ್ಯಾಡಲ್ ಮತ್ತು ಅದರ ಹಗ್ಗಗಳು 4, ತಟ್ಟೆ 3, ಸ್ಟಿಕ್ 10, ಒಟ್ಟು 17. ಬಿಲ್ಲು, ಬಾಣ, ಬತ್ತಳಿಕೆ ಎಂದು ಎಲ್ಲಕ್ಕೂ ಇನ್ನೊಂದು ಐದಾರು ಪೌಂಡ್ ಕೂಡಿಸಿ. ಚಳಿಬಟ್ಟೆ, ನೀರು ಬೇರೆ.

ಈ ಲೆಕ್ಕದಲ್ಲಿ ಸುಲಭವಾಗಿ ಇಳಿಸಬಹುದಾದದ್ದು ಸ್ಟಿಕ್. ನಾಲ್ಕು ಸ್ಟಿಕ್‌ನಲ್ಲಿ 16ರಿಂದ 20 ಅಡಿ, ಮೂರರಲ್ಲಿ 12ರಿಂದ 15 ಅಡಿ ಏರಬಹುದು. ಬಿಲ್ಲು ಬೇಟೆಗೆ ಎತ್ತರ ಹೆಚ್ಚಿದಷ್ಟೂ ಒಳ್ಳೆಯದು ಎಂಬುದು ತಪ್ಪು ಎಣಿಕೆ. ತಟ್ಟೆ 20 ಅಡಿಯಲ್ಲಿದ್ದರೆ ಬಿಲ್ಲು 25 ಅಡಿಯಲ್ಲಿರುತ್ತದೆ. ಹತ್ತು ಗಜ ದೂರದ ಜಿಂಕೆಗೆ ಬಾಣ ಸುಮಾರು 36 ಡಿಗ್ರಿ ಓರೆಯಾಗಿ ಇಳಿಯುತ್ತದೆ, ಒಂದು ಶ್ವಾಸಕೋಶ ಹೊಕ್ಕು ಇನ್ನೊಂದನ್ನು ತಪ್ಪಿಸುವ ಸಾಧ್ಯತೆ ಹೆಚ್ಚು. ಅಂಥ ಜಿಂಕೆ ಬಹು ದೂರ ಓಡಿ ನರಳಿ ಸಾಯುತ್ತದೆ, ಕೈಗೂ ಸಿಗುವುದಿಲ್ಲ. 15 ಅಡಿಯಲ್ಲಿ ಅದೇ ಓರೆ 30 ಡಿಗ್ರಿಗೆ ಇಳಿಯುತ್ತದೆ. ಹಿಂದೆ ದಟ್ಟ ಕೊಂಬೆಗಳ ಮರೆ ಇರುವ ಮರ ಸಿಕ್ಕರೆ ಮೂರು ಸ್ಟಿಕ್ ಸಾಕು.

ಸ್ಟಿಕ್ ತಳಕ್ಕೆ ಪಟ್ಟಿಯ ಕುಣಿಕೆ ಕಟ್ಟಿ ಮೆಟ್ಟಿಲು ಹೆಚ್ಚಿಸಿಕೊಳ್ಳುವವರಿದ್ದಾರೆ. ತೂಕದ ಮಟ್ಟಿಗೆ ಜಾಣತನವೇ. ಆದರೆ ಕತ್ತಲಲ್ಲಿ ದಪ್ಪ ಬೂಟು ಹಾಕಿ ಇಳಿಯುವಾಗ ಕುಣಿಕೆಗೆ ಕಾಲು ಸಿಗದೆ ತಡವರಿಸುವುದು ಅಲ್ಲೇ. ಮೊದಲ ವರ್ಷ ಬೇಡ.

ಸ್ಟ್ಯಾಂಡಿನದೇ ತೂಕ ಇಳಿಸುವುದಾದರೆ ಹಣ ತೆರಬೇಕು, ಕೊನೆಯ ಎರಡು ಪೌಂಡಿಗೆ ತೆರುವುದೇ ಎಲ್ಲಕ್ಕಿಂತ ಹೆಚ್ಚು. ಲೋನ್ ವುಲ್ಫ್‌ನ ಆಲ್ಫಾ 14 ಪೌಂಡ್, ಅದೇ ಕಂಪನಿಯ ಅಸಾಲ್ಟ್ 11. ವ್ಯತ್ಯಾಸ ಬಂದಿರುವುದು ತಟ್ಟೆಯನ್ನು ಚಿಕ್ಕದು ಮಾಡಿದ್ದರಿಂದ. ಎರಡು ತಾಸು ಕೂರುವ ಸಂಜೆ ಬೇಟೆಗೆ ಚಿಕ್ಕ ತಟ್ಟೆ ತೊಂದರೆಯಿಲ್ಲ. ನವೆಂಬರ್ ಮೊದಲೆರಡು ವಾರ, ಗಂಡುಜಿಂಕೆಗಳು ಬೆದೆಯಲ್ಲಿ ದಿನವಿಡೀ ಅಲೆಯುವಾಗ ಬೆಳಗ್ಗಿನಿಂದ ಸಂಜೆಯವರೆಗೆ ಕೂರಬೇಕು. ಆಗ ಕಾಲು ಜೋಮು ಹಿಡಿದು ಅಲುಗಾಡುವುದಕ್ಕಿಂತ ಮೂರು ಪೌಂಡ್ ಹೆಚ್ಚು ಹೊರುವುದು ಮೇಲು.

ಬಿಲ್ಲಿಗಾಗಿ ನೋಡಬೇಕಾದದ್ದು

ಸೀಟಿನ ಮುಂದೆ ಅಡ್ಡ ಸರಳಿರುವ ಕ್ಲೈಂಬರ್‌ಗಳು ಬಂದೂಕು ಆನಿಸಲು ಅನುಕೂಲ. ಬಿಲ್ಲಿನವರಿಗೆ ಅದೇ ಅಡ್ಡಿ: ಕೂತು ಕೆಳಮುಖವಾಗಿ ಗುರಿಯಿಟ್ಟಾಗ ಬಿಲ್ಲಿನ ಕೆಳತುದಿ ಸರಳಿಗೆ ಬಡಿಯುತ್ತದೆ. ಸರಳು ಇಲ್ಲದ ಅಥವಾ ಹಿಂದಕ್ಕೆ ಮಡಚಬಹುದಾದ ಮಾದರಿ ಆರಿಸಿ. ಹ್ಯಾಂಗ್-ಆನ್‌ನಲ್ಲಿ ಸೀಟು ಮೇಲಕ್ಕೆ ಮಡಚಿ ಮರಕ್ಕೆ ಅಂಟುವಂತಿರಬೇಕು, ನಿಂತು ಹೊಡೆಯುವಾಗ ಹಿಮ್ಮಡಿ ಇಡಲು ಜಾಗ ಸಿಗುತ್ತದೆ.

ಬಲಗೈಯಲ್ಲಿ ನಾರಿ ಎಳೆಯುವವರಿಗೆ ಕೂತಲ್ಲಿಂದ ಸಲೀಸಾಗುವುದು ಎಡಬದಿ. ಜಿಂಕೆ ದಾರಿ ನಿಮ್ಮ ಎಡಕ್ಕೆ ಬರುವಂತೆ ಸ್ಟ್ಯಾಂಡ್ ತಿರುಗಿಸಿ ಕಟ್ಟಿ. ಬಲಬದಿಗೆ ಬಂದರೆ ಎದ್ದು ಇಡೀ ಮೈ ತಿರುಗಿಸಬೇಕು, ಅಷ್ಟರಲ್ಲಿ ಜಿಂಕೆ ತಲೆಯೆತ್ತಿರುತ್ತದೆ. ಎಡಗೈಯವರಿಗೆ ಎಲ್ಲ ತಿರುಗುಮುರುಗು.

ಇಲ್ಲಿ ತೂಕ ಉಳಿಸಬೇಡಿ

ಇಡೀ ಮೈಗೆ ತೊಡುವ ಹಾರ್ನೆಸ್ ಬೇಕೇ ಬೇಕು. ಅಮೆರಿಕದ ಟ್ರೀ ಸ್ಟ್ಯಾಂಡ್ ತಯಾರಕರ ಸಂಘ ಟಿಎಂಎಯ ಪರೀಕ್ಷೆಗೆ ಒಳಪಟ್ಟ ಸ್ಟ್ಯಾಂಡ್‌ಗಳ ಜೊತೆ ಒಂದು ಹಾರ್ನೆಸ್ ಬರುತ್ತದೆ, ಆದರೆ ಅದು ಒರಟು. ಹಗುರವಾದದ್ದು, ತೊಡಲು ಸುಲಭವಾದದ್ದು ಬೇರೆ ಕೊಂಡರೆ ಬಿಟ್ಟು ಹೋಗುವ ಮನಸ್ಸು ಬಾರದು. ತಯಾರಾದ ದಿನಾಂಕ ಅದರ ಚೀಟಿಯಲ್ಲಿರುತ್ತದೆ. ಐದು ವರ್ಷ ಕಳೆದರೆ, ಇಲ್ಲವೇ ಒಮ್ಮೆ ಬಿದ್ದ ಭಾರ ತಡೆದಿದ್ದರೆ, ಬದಲಿಸಿ.

ಹೆಚ್ಚಿನವರು ಬೀಳುವುದು ಕೂತಾಗಲ್ಲ, ಹತ್ತುವಾಗ, ಇಳಿಯುವಾಗ, ಸ್ಟಿಕ್‌ನಿಂದ ತಟ್ಟೆಗೆ ಕಾಲಿಡುವಾಗ. ಸುಮಾರು 30 ಅಡಿಯ ಲೈಫ್‌ಲೈನ್ ಹಗ್ಗಕ್ಕೆ ಪ್ರೂಸಿಕ್ ಗಂಟು (ಕೈಯಿಂದ ಜರುಗಿಸಬಹುದು, ಭಾರ ಬಿದ್ದರೆ ಬಿಗಿದು ನಿಲ್ಲುತ್ತದೆ) ಕಟ್ಟಿ, ನೆಲ ಬಿಡುವ ಮೊದಲೇ ಹಾರ್ನೆಸ್‌ಗೆ ಸೇರಿಸಿ, ಹತ್ತುತ್ತ ಗಂಟನ್ನು ಜರುಗಿಸಿಕೊಂಡು ಹೋಗಿ. ಕೂತಾಗ ಹಾರ್ನೆಸ್ ಹಗ್ಗ ತಲೆಯ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ, ಸಡಿಲವೇ ಇಲ್ಲದಂತೆ ಇರಬೇಕು. ಸಡಿಲ ಬಿಟ್ಟರೆ ಬಿದ್ದಾಗ ತಟ್ಟೆಗಿಂತ ಕೆಳಗೆ ತೂಗಾಡುತ್ತೀರಿ, ವಾಪಸ್ ಏರಲಾಗದು. ಹಾಗೆ ತೂಗಿದರೆ ತೊಡೆಯ ಪಟ್ಟಿ ರಕ್ತ ತಡೆಯುತ್ತದೆ, ಅರ್ಧ ಗಂಟೆಯೊಳಗೇ ಪ್ರಾಣಕ್ಕೆ ಅಪಾಯ. ಕಾಲಿಟ್ಟು ನಿಲ್ಲಲು ಕುಣಿಕೆಯ ಪಟ್ಟಿಯೊಂದು ಜೇಬಿನಲ್ಲಿರಲಿ, ಫೋನ್ ಎದೆಯ ಜೇಬಿನಲ್ಲಿರಲಿ, ಎಲ್ಲಿ ಕೂತಿದ್ದೀರೆಂದು ಮನೆಯಲ್ಲಿ ಒಬ್ಬರಿಗೆ ಗೊತ್ತಿರಲಿ.

ಸ್ಟ್ಯಾಂಡ್ 300 ಪೌಂಡ್ ಹೊರುತ್ತದೆ ಎಂದರೆ 136 ಕಿಲೋ. ಅದರಲ್ಲಿ ನಿಮ್ಮ ಜೊತೆ ಬಟ್ಟೆ, ಬೂಟು, ಬ್ಯಾಗು, ಬಿಲ್ಲು ಎಲ್ಲವೂ ಸೇರಬೇಕು. ದೇಹ 120 ಕಿಲೋ ದಾಟಿದವರು 350 ಪೌಂಡ್ ಹೊರುವುದನ್ನೇ ನೋಡಿ.

ಹ್ಯಾಂಗ್-ಆನ್ ಕಟ್ಟುವ ಕ್ರಮ

ಮೊದಲು ನೆಲದಿಂದ ಒಂದಡಿ ಎತ್ತರದಲ್ಲಿ, ಮನೆ ಹಿತ್ತಲಿನ ಮರಕ್ಕೆ, ಚಳಿಗಾಲದ ಕೈಗವಸು ಹಾಕಿಕೊಂಡೇ ಕಟ್ಟಿ ಬಿಚ್ಚಿ ಅಭ್ಯಾಸ ಮಾಡಿ. ಆಮೇಲೆ ಕಾಡಿನಲ್ಲಿ:

1. ಸೊಂಟದ ಹಗ್ಗವನ್ನು ಮರ ಸುತ್ತಿಸಿ ಹಾರ್ನೆಸ್‌ನ ಎರಡೂ ಬದಿಗೆ ಸಿಕ್ಕಿಸಿ. ಎರಡೂ ಕೈ ಕೆಲಸಕ್ಕೆ ಬಿಡುವಾಗುತ್ತವೆ.
2. ಒಂದೊಂದೇ ಸ್ಟಿಕ್ ಬಿಗಿಯುತ್ತ ಏರಿ. ಪಟ್ಟಿ ಎಳೆದು ಬಿಗಿದ ಮೇಲೆ ಸ್ಟಿಕ್ಕನ್ನು ಕೆಳಕ್ಕೆ ಜಗ್ಗಿ ಮರಕ್ಕೆ ಕಚ್ಚಿಸಿ. ಮೆಟ್ಟಿಲ ನಡುವಿನ ಅಂತರ 18 ಇಂಚು ಮೀರದಿರಲಿ.
3. ಕೊನೆಯ ಸ್ಟಿಕ್‌ನ ತುದಿ ತಟ್ಟೆಗಿಂತ ಮೇಲಿರಲಿ. ತಟ್ಟೆಗೆ ಇಳಿದು ಕಾಲಿಡಬೇಕು, ಹತ್ತಿ ಇಡಬಾರದು.
4. ಸ್ಟ್ಯಾಂಡನ್ನು ಹಗ್ಗದಲ್ಲಿ ಎಳೆದುಕೊಂಡು, ತಟ್ಟೆಯ ಮುಂತುದಿ ಮೇಲೆತ್ತಿದ ಸ್ಥಿತಿಯಲ್ಲಿ ಪಟ್ಟಿ ಬಿಗಿಯಿರಿ. ಆಮೇಲೆ ತಟ್ಟೆಯನ್ನು ಕೆಳಗೆ ಒತ್ತಿದರೆ ಕಂಬ ಮರವನ್ನು ಅದುಮಿ ಹಿಡಿಯುತ್ತದೆ. ಸಲೀಸಾಗಿ ಕೆಳಗೆ ಬಂತೆಂದರೆ ಪಟ್ಟಿ ಸಡಿಲ ಎಂದೇ ಅರ್ಥ, ಬಿಚ್ಚಿ ಇನ್ನೊಮ್ಮೆ.
5. ತಳದಲ್ಲಿ ಎರಡನೇ ಪಟ್ಟಿ ಹಾಕಿ. ಪಕ್ಕಕ್ಕೆ ಹೊರಳುವುದನ್ನು ತಡೆಯುವುದು ಇದೇ.
6. ಹಾರ್ನೆಸ್ ಹಗ್ಗ ಮರಕ್ಕೆ ಕಟ್ಟಿದ ಮೇಲಷ್ಟೇ ತಟ್ಟೆಗೆ ಭಾರ ಬಿಡಿ. ಬಿಲ್ಲು ಕೊನೆಗೆ, ಹಗ್ಗದಲ್ಲಿ, ನಾರಿಯಲ್ಲಿ ಬಾಣವಿಲ್ಲದೆ, ಬಾಣದ ಹರಿತ ಮೊನೆಗಳಾದ ಬ್ರಾಡ್‌ಹೆಡ್‌ಗಳಿಗೆ ಮುಚ್ಚಳ ಹಾಕಿ ಮೇಲೆ ಬರಲಿ.

ಕ್ಲೈಂಬರ್‌ನವರಿಗೆ ಎರಡೇ ಮಾತು. ಮರ ಮೇಲಕ್ಕೆ ಹೋದಂತೆ ಸಣ್ಣದಾಗುತ್ತದೆ, ತಟ್ಟೆ ಮುಂದಕ್ಕೆ ವಾಲುತ್ತದೆ. ಆದ್ದರಿಂದ ನೆಲದಲ್ಲಿ ಕಟ್ಟುವಾಗಲೇ ಮುಂತುದಿ ಸಾಕಷ್ಟು ಎತ್ತರಿಸಿಡಿ, ಇಪ್ಪತ್ತು ಅಡಿಗೆ ಹೋದಾಗ ಮಟ್ಟ ಬರುತ್ತದೆ. ಮೇಲಿನ, ಕೆಳಗಿನ ಭಾಗಗಳನ್ನು ಹಗ್ಗದಿಂದ ಜೋಡಿಸದೆ ಹತ್ತಬೇಡಿ. ಕಾಲಿನಿಂದ ತಟ್ಟೆ ಕಳಚಿ ಬಿದ್ದರೆ ಸೀಟಿನ ಮೇಲೆ ಸಿಕ್ಕಿಬಿದ್ದು, ಇಳಿಯುವ ದಾರಿಯೇ ಇರುವುದಿಲ್ಲ.

ಸದ್ದು, ಹಳೇ ಮಾಲು, ನಿಯಮ

ಅಲ್ಯೂಮಿನಿಯಂ ಕೊಳವೆಯಿಂದ ಮಾಡಿದ ಸ್ಟ್ಯಾಂಡ್ ಹಗುರ, ಆದರೆ ಬಕಲ್ ತಾಗಿದರೆ ಗಂಟೆಯಂತೆ ಸದ್ದು ಮಾಡುತ್ತದೆ. ಎರಕ ಹೊಯ್ದ ತಟ್ಟೆ ಕೊಂಚ ಭಾರ, ಸದ್ದು ಕಡಿಮೆ. ಲೋಹಕ್ಕೆ ಲೋಹ ತಾಗುವ ಕಡೆಯೆಲ್ಲ ಹಾಕಿ ಆಟಗಾರರು ಕೋಲಿಗೆ ಸುತ್ತುವಂಥ ಬಟ್ಟೆ ಟೇಪ್ ಸುತ್ತಿ. ರ‍್ಯಾಚೆಟ್ ಪಟ್ಟಿ ಕಟಕಟ ಎನ್ನುತ್ತದೆ, ಬೇಟೆಯ ಬೆಳಗ್ಗೆ ಕಟ್ಟುವುದಾದರೆ ಎಳೆದಂತೆ ಪಟ್ಟಿಯನ್ನು ಕಚ್ಚಿ ಹಿಡಿಯುವ ಕ್ಯಾಮ್ ಬಕಲ್ ಒಳ್ಳೆಯದು.

ಹಳೇ ಸ್ಟ್ಯಾಂಡ್ ಅಗ್ಗಕ್ಕೆ ಸಿಕ್ಕರೆ ಅಮೆರಿಕದ ಗ್ರಾಹಕ ಸುರಕ್ಷತಾ ಆಯೋಗದ ತಾಣದಲ್ಲಿ ಆ ಮಾದರಿಯನ್ನು ಕಂಪನಿ ವಾಪಸ್ ಕರೆಸಿಕೊಂಡಿದೆಯೇ ನೋಡಿ. ಬೆಸುಗೆಯಲ್ಲಿ ಕೂದಲೆಳೆಯ ಬಿರುಕು, ತಟ್ಟೆ ಹಿಡಿದ ಕೇಬಲ್‌ನ ಪ್ಲಾಸ್ಟಿಕ್ ಹೊದಿಕೆಯೊಳಗೆ ತುಕ್ಕಿನ ಉಬ್ಬು ಕಂಡರೆ ಬಿಟ್ಟುಬಿಡಿ. ಕೊಂಡರೂ ಪಟ್ಟಿಗಳನ್ನೆಲ್ಲ ಹೊಸದು ಹಾಕಿ.

ಸಾರ್ವಜನಿಕ ಜಾಗದಲ್ಲಿ ರಾತ್ರಿ ಬಿಟ್ಟು ಬರಬಹುದೇ, ಹೆಸರು ವಿಳಾಸದ ಚೀಟಿ ಬೇಕೇ ಎಂಬುದು ರಾಜ್ಯದಿಂದ ರಾಜ್ಯಕ್ಕೆ ಬೇರೆ, ಆ ವರ್ಷದ ನಿಯಮ ಪುಸ್ತಕ ನೋಡಿ. ಮರಕ್ಕೆ ತಿರುಪುವ ಮೆಟ್ಟಿಲು, ಮೊಳೆ ಬಹಳ ಕಡೆ ನಿಷಿದ್ಧ. ಬಿಟ್ಟು ಬರಲು ಅನುಮತಿ ಇರುವ ಕಡೆಯೂ ಸೀಸನ್ ಮುಗಿದೊಡನೆ ಬಿಚ್ಚಿ ತನ್ನಿ: ಬಿಸಿಲಿಗೆ ಪಟ್ಟಿ ಬಲ ಕಳೆದುಕೊಳ್ಳುತ್ತದೆ, ಅಳಿಲು ಕಡಿಯುತ್ತದೆ, ಬೆಳೆಯುವ ಮರ ಪಟ್ಟಿಯನ್ನು ಎಳೆದು ಹರಿಯುತ್ತದೆ.