ಎಪಿಐ ಡಾಕ್ಯುಮೆಂಟಿನಲ್ಲಿ ಪ್ಯಾರಾಮೀಟರ್ ಟೈಪ್ ತಿದ್ದಿದ್ದು: ನನ್ನ ಅನುಭವ

ಪುಣೆಯ ಹಿಂಜವಡಿಯಲ್ಲಿ ಕೆಲಸ. ನಮ್ಮ ಟೀಮಿನ ಎಪಿಐ (ಒಂದು ಪ್ರೋಗ್ರಾಮ್ ಇನ್ನೊಂದರಿಂದ ಕೆಲಸ ಮಾಡಿಸಿಕೊಳ್ಳುವ ದಾರಿ) ಡಾಕ್ಯುಮೆಂಟ್‌ಗಳನ್ನು ನೋಡಿಕೊಳ್ಳುವುದು ನನ್ನ ಪಾಲಿಗಿದೆ. ಫಂಕ್ಷನ್‌ಗಳ ಪ್ಯಾರಾಮೀಟರ್ ಟೈಪ್, ಅಂದರೆ ಫಂಕ್ಷನ್ನಿಗೆ ಯಾವ ಬಗೆಯ ವ್ಯಾಲ್ಯೂ ಕೊಡಬೇಕು ಅನ್ನುವುದು, ಡಾಕ್ಯುಮೆಂಟಿನಲ್ಲಿ ಹಲವು ಕಡೆ ತಪ್ಪಿತ್ತು. ಅದನ್ನು ತಿದ್ದಿದ ರೀತಿ ಹೇಳುತ್ತೇನೆ.

ಹೆಸರು ನೋಡಿ ಟೈಪ್ ಊಹಿಸಬೇಡಿ. ಟೈಮ್‌ಔಟ್ ಅಂತ ಒಂದು ಪ್ಯಾರಾಮೀಟರ್ ಇತ್ತು, ಪಕ್ಕದಲ್ಲಿ ಇಂಟಿಜರ್ (ಪೂರ್ಣಾಂಕ) ಅಂತ ಬರೆದಿತ್ತು. ಕೋಡ್ ತೆಗೆದು ನೋಡಿದರೆ ಆ ವ್ಯಾಲ್ಯೂ ನೇರವಾಗಿ ಪೈಥಾನಿನ ಸ್ಲೀಪ್‌ಗೆ ಹೋಗುತ್ತಿತ್ತು. ಸ್ಲೀಪ್ 0.5 ಕೊಟ್ಟರೂ ತೆಗೆದುಕೊಳ್ಳುತ್ತದೆ, ಅರ್ಧ ಸೆಕೆಂಡ್ ಕಾಯುತ್ತದೆ. ಅಂದರೆ ಅದು ಫ್ಲೋಟ್ (ದಶಾಂಶ ಸಂಖ್ಯೆ). ಫಂಕ್ಷನ್ನಿನ ಮೊದಲ ಸಾಲಿನಲ್ಲಿ ಟೈಪ್ ಏನೆಂದು ಬರೆದಿಡುವ ಟೈಪ್ ಹಿಂಟ್ ಒಂದನ್ನೇ ನಂಬಿದರೂ ಸಾಲದು. ಟೈಪ್ ಹಿಂಟ್‌ಗಳು 2015ರಲ್ಲಿ ಪೈಥಾನ್ 3.5ರ ಜೊತೆ ಬಂದವು, ಆದರೆ ಪ್ರೋಗ್ರಾಮ್ ಓಡುವಾಗ ಪೈಥಾನ್ ತಾನಾಗಿ ಅವನ್ನು ಚೆಕ್ ಮಾಡುವುದಿಲ್ಲ. ಹಾಗಾಗಿ ಒಳಗಿನ ಕೋಡ್ ಓದುತ್ತೇನೆ, ಆಮೇಲೆ ಫಂಕ್ಷನ್ನನ್ನು ನಾನೇ ಕರೆದು ನೋಡುತ್ತೇನೆ: ಸೊನ್ನೆ, ದಶಾಂಶ, ಖಾಲಿ ಸ್ಟ್ರಿಂಗ್ (ಅಕ್ಷರಗಳ ಸಾಲು), None (ಬೆಲೆಯೇ ಇಲ್ಲ ಅನ್ನುವ ಗುರುತು ಅಲ್ಲ, ವ್ಯಾಲ್ಯೂ ಇಲ್ಲ ಅನ್ನುವ ಗುರುತು), ಟ್ರೂ. ಟ್ರೂ ಯಾಕೆ ಅಂದರೆ ಪೈಥಾನಿನಲ್ಲಿ ಅದೂ ಒಂದು ಇಂಟಿಜರೇ, ಸುಮ್ನೆ 1 ಅಂತ ಒಳಗೆ ನುಗ್ಗಿಬಿಡುತ್ತದೆ.

ಜಾಸ್ತಿ ತಲೆ ಕೆಡಿಸಿದ್ದು ಆರ್ಡರ್ ಐಡಿ. ಡಾಕ್ಯುಮೆಂಟಿನಲ್ಲಿ ನಂಬರ್ ಅಂತ ಇತ್ತು. ಸರ್ವರ್ ಜಾವಾದಲ್ಲಿದೆ, ಅಲ್ಲಿ ಲಾಂಗ್ ಟೈಪ್ 9223372036854775807ರವರೆಗೂ ಹೋಗುತ್ತದೆ. ಬ್ರೌಸರಿನಲ್ಲಿ ಓಡುವ ಜಾವಾಸ್ಕ್ರಿಪ್ಟ್ ಮಾತ್ರ 9007199254740991 ದಾಟಿದ ಮೇಲೆ ಪೂರ್ಣಾಂಕಗಳನ್ನು ಸರಿಯಾಗಿ ಹಿಡಿದಿಡುವ ಖಾತ್ರಿ ಇಲ್ಲ. ಬ್ರೌಸರ್ ಕನ್ಸೋಲಿನಲ್ಲಿ 9007199254740993 ಅಂತ ಟೈಪ್ ಮಾಡಿ ಎಂಟರ್ ಒತ್ತಿ, ಕೊನೆಯ ಅಂಕಿ 2 ಆಗಿ ಬರುತ್ತದೆ. ಎರರ್ ಇಲ್ಲ, ವಾರ್ನಿಂಗ್ ಇಲ್ಲ, ಬೇರೆ ಯಾರದೋ ಆರ್ಡರ್ ತೆರೆದುಕೊಳ್ಳಬಹುದು! ಐಡಿಯನ್ನು ಸ್ಟ್ರಿಂಗ್ ಆಗಿ ಕಳಿಸಿದರೆ ಅಂಕಿ ಹೀಗೆ ಬದಲಾಗುವುದಿಲ್ಲ.

ಸರ್ವರ್ ನೋಡಿಕೊಳ್ಳುವವರು ವಿಜಯಪುರದವರು. "ಏನ್ರೀ, ಡಾಕ್ಯುಮೆಂಟಿನ್ಯಾಗ ಸ್ಟ್ರಿಂಗ್ ಅಂತ ಬರದ್ರ ಸಾಕಲ್ಲ?" ಅಂದರು. ಸಾಲದು. ಸರ್ವರ್ ನಂಬರ್ ಕಳಿಸುತ್ತಲೇ ಇದ್ದರೆ ಡಾಕ್ಯುಮೆಂಟ್ ಇನ್ನೊಂದು ಸುಳ್ಳು ಹೇಳಿದ ಹಾಗಾಗುತ್ತದೆ. ಹಾಗಂತ ಹಳೆಯ ಫೀಲ್ಡಿನ ಟೈಪನ್ನು ಒಮ್ಮೆಲೇ ಬದಲಿಸಿದರೆ ಅದನ್ನು ಈಗಾಗಲೇ ಬಳಸುತ್ತಿರುವವರ ಕೋಡ್ ಮುರಿಯುತ್ತದೆ. ಟ್ವಿಟರ್‌ಗೂ 2010ರಲ್ಲಿ ಇದೇ ಸಮಸ್ಯೆ ಬಂದಿತ್ತು, ಅವರು ಐಡಿಯ ಪಕ್ಕದಲ್ಲೇ ಸ್ಟ್ರಿಂಗ್ ರೂಪದ ಇನ್ನೊಂದು ಫೀಲ್ಡ್ ಕೊಟ್ಟರು. ನಾವೂ ಅದೇ ದಾರಿ ಹಿಡಿದೆವು. ಹಳೆಯದು ಇದೆ, ಆದರೆ ಹೊಸ ಕೋಡಿನಲ್ಲಿ ಬಳಸಬೇಡಿ ಅಂತ ಅದರ ಕೆಳಗೇ ಕಾರಣ ಸಮೇತ ಬರೆದಿದ್ದೇವೆ.

ಇನ್ನೊಂದು ವಿಷಯ ನಲ್, ಅಂದರೆ ವ್ಯಾಲ್ಯೂ ಇಲ್ಲ ಅನ್ನುವ ಗುರುತು. ಒಂದು ಪ್ಯಾರಾಮೀಟರನ್ನು ಕೊಡದೆ ಬಿಡಬಹುದು ಅನ್ನುವುದೇ ಬೇರೆ, ಅದಕ್ಕೆ ನಲ್ ಕೊಡಬಹುದು ಅನ್ನುವುದೇ ಬೇರೆ. ಎಪಿಐಗಳನ್ನು ವಿವರಿಸುವ ಓಪನ್‌ಎಪಿಐ ಮಾದರಿಯ 3.0ರಲ್ಲಿ ನಲ್ ಕೊಡಬಹುದು ಅನ್ನುವುದಕ್ಕೆ ನಲ್ಲಬಲ್ ಅಂತ ಪ್ರತ್ಯೇಕ ಗುರುತಿತ್ತು. 2021ರ 3.1ರಲ್ಲಿ ಅದು ಹೋಯಿತು, ಈಗ ಟೈಪುಗಳ ಪಟ್ಟಿಯಲ್ಲೇ ನಲ್ ಸೇರಿಸಬೇಕು. ವರ್ಷನ್ ಬದಲಿಸುವಾಗ ಹಳೆಯ ಸಾಲು ಹಾಗೇ ಉಳಿದರೆ ಪ್ರಯೋಜನವಿಲ್ಲ.

ಡಾಕ್ಯುಮೆಂಟಿಗೂ ಕೋಡಿಗೂ ಹೊಂದದಿದ್ದಾಗ ಡಾಕ್ಯುಮೆಂಟೇ ತಪ್ಪು ಅಂದುಕೊಳ್ಳಬೇಡಿ. ಕೆಲವೊಮ್ಮೆ ಬಗ್ ಕೋಡಿನಲ್ಲಿರುತ್ತದೆ, ಬರೆದವರನ್ನು ಕೇಳಲೇಬೇಕು. ನಾನು ಒಂದೊಂದು ಟೈಪ್ ಬದಲಾವಣೆಯನ್ನೂ ಬೇರೆ ಬೇರೆ ಕಮಿಟ್ ಮಾಡುತ್ತೇನೆ (ಅಂದರೆ ಕೋಡಿನ ದಾಖಲೆಯಲ್ಲಿ ಉಳಿಸುತ್ತೇನೆ), ಯಾವ ವ್ಯಾಲ್ಯೂ ಕೊಟ್ಟಾಗ ಏನು ಬಂತು ಅನ್ನುವುದನ್ನು ಕಮಿಟ್ ಮೆಸೇಜಿನಲ್ಲೇ ಹಾಕುತ್ತೇನೆ. ಪೈಥಾನ್ ಭಾಗದ ಉದಾಹರಣೆಗಳನ್ನು ಡಾಕ್ಯುಮೆಂಟಿನ ಉದಾಹರಣೆಗಳನ್ನು ಓಡಿಸಿ ಉತ್ತರ ಹೋಲಿಸುವ ಡಾಕ್‌ಟೆಸ್ಟ್ ಮೂಲಕ ಬಿಲ್ಡ್ (ಕೋಡನ್ನು ಬಳಕೆಗೆ ಸಿದ್ಧ ಮಾಡುವ ಹಂತ) ಜೊತೆಗೇ ಓಡಿಸುತ್ತೇವೆ, ಉತ್ತರ ಬೇರೆ ಬಂದರೆ ಬಿಲ್ಡ್ ಅಲ್ಲೇ ನಿಲ್ಲುತ್ತದೆ.