ಮೆಗ್ಗರ್ ಮುಚ್ಚಿಟ್ಟದ್ದನ್ನು ಮಿಲಿಆಂಪಿಯರ್ ಹೇಳಿತು

ಟ್ರಾನ್ಸ್‌ಫಾರ್ಮರಿನ ಎಣ್ಣೆಯಲ್ಲಿ ಅನಿಲ ಕೂಡಿದರೆ ಕೂಗುವ ಬುಕೋಲ್ಜ್ ರಿಲೇಯ ಅಲಾರ್ಮ್ ಮೂರನೇ ಸಲ ಹೊಡೆದಾಗಲೂ ಸರ್ವಿಸ್‌ನವರದು ಅದೇ ರಾಗ: "ಗಾಳಿ ಸಾರ್, ಬರೀ ಗಾಳಿ. ಹೋದ ತಿಂಗಳು ತಾನೇ ಎಣ್ಣೆ ಫಿಲ್ಟರ್ ಮಾಡಿದ್ದೇವೆ." ಗಂಗಾವತಿ ಕಡೆಯ ಒಂದು ತವುಡೆಣ್ಣೆ ಕಾರ್ಖಾನೆ, 1600 ಕೆವಿಎ ಟ್ರಾನ್ಸ್‌ಫಾರ್ಮರ್, 11 ಕೆವಿಯಿಂದ 433 ವೋಲ್ಟಿಗೆ ಇಳಿಸುವಂಥದು, ಡೆಲ್ಟಾ-ಸ್ಟಾರ್ ಜೋಡಣೆ. ಇನ್ಸುಲೇಷನ್ ಅಳೆಯುವ ಮೆಗ್ಗರ್ ಸಾವಿರ ಮೆಗಾಓಮ್ ದಾಟಿತ್ತು, ಎಣ್ಣೆ 55 ಕೆವಿ ತಡೆದಿತ್ತು, ಕರೆಂಟ್ ಮಿತಿ ಮೀರಿದರೆ ಲೈನ್ ಕಡಿಯುವ ಓವರ್‌ಕರೆಂಟ್ ರಿಲೇ ಕಮಕ್ ಕಿಮಕ್ ಎಂದಿರಲಿಲ್ಲ.

ಲೈನ್ ಆಫ್ ಮಾಡಿಸಿ, ಸಲೈನ್ ಪೈಪು, ದೊಡ್ಡ ಸಿರಿಂಜ್ ಹಿಡಿದು ಬುಕೋಲ್ಜ್ ರಿಲೇಯ ಮೇಲಿನ ಕಾಕ್‌ನಿಂದ ಅನಿಲ ಎಳೆದುಕೊಂಡೆ. ಬೇಲಿಯಾಚೆ ದೂರ ಒಯ್ದು, ಒಂದಿಷ್ಟನ್ನು ಹೊರಬಿಟ್ಟು ಕಡ್ಡಿ ಗೀರಿದೆ. ಭುಗ್ಗೆಂದಿತು. ಗಾಳಿ ಎಲ್ಲಾದರೂ ಉರಿಯುತ್ತದೆಯೇ? ಉಳಿದದ್ದನ್ನು ಸಿಲ್ವರ್ ನೈಟ್ರೇಟ್ ನೀರಿಗೆ ಹಾಯಿಸಿದರೆ ಬಿಳಿ ಗಷ್ಟು ಕುಳಿತಿತು. ಅಸಿಟಿಲೀನ್; ಅಂದರೆ ಒಳಗೆ ಕಿಡಿ ಹಾರಿದೆ. (ಆ ಗಷ್ಟನ್ನು ಒಣಗಲು ಬಿಡಬೇಡಿ, ಸಿಡಿಯುತ್ತದೆ.)

ಸಾಹುಕಾರರು ಆದರೂ ನಂಬಲಿಲ್ಲ. ಅದಕ್ಕೆ ಕಾರಣ ನಾನೇ. ಎರಡು ವರ್ಷದ ಹಿಂದೆ ಇನ್ನೊಂದು ಕಡೆ, ಕಾಯಿಲ್ ರೆಸಿಸ್ಟೆನ್ಸ್ ಅಳೆಯಲು ಡಿಸಿ ಕೊಟ್ಟ ಬೆನ್ನಲ್ಲೇ ಬ್ಯಾಲೆನ್ಸ್ ಟೆಸ್ಟ್ (ಒಂದು ಕಾಲಿನ ಕಾಯಿಲ್‌ಗೆ ವೋಲ್ಟ್ ಕೊಟ್ಟು ಉಳಿದೆರಡರಲ್ಲಿ ಎಷ್ಟು ಬಂತೆಂದು ನೋಡುವುದು) ಮಾಡಿ, ಕಬ್ಬಿಣದ ಕೋರ್‌ನಲ್ಲಿ ಉಳಿದ ಕಾಂತತೆಯನ್ನೇ ದೋಷವೆಂದು ಓದಿ, ಚೆನ್ನಾಗಿದ್ದ ಟ್ಯಾಂಕ್ ಬಿಚ್ಚಿಸಿದ್ದೆ. ಕ್ರೇನ್, ಗ್ಯಾಸ್ಕೆಟ್, ಫಿಲ್ಟರ್ ಸೇರಿ ನಲವತ್ತು ಸಾವಿರ ಕೈಯಿಂದ ಕಟ್ಟಿದೆ. ಆ ಸುದ್ದಿ ಗಂಗಾವತಿಗೂ ಬಂದಿತ್ತು.

ಈ ಸಲ ಮೊದಲು ವೇರಿಯಾಕ್‌ನಿಂದ ವೋಲ್ಟೇಜ್ ಏರಿಸಿ ಇಳಿಸಿ ಕೋರ್‌ನಲ್ಲಿ ಉಳಿದ ಕಾಂತತೆ ತೊಳೆದೆ. ಯಾವ ಜೋಡಿಯಿಂದ ಶುರು, ಎಷ್ಟು ನಿಧಾನ ಎನ್ನುವುದು ನನ್ನ ಹೊಟ್ಟೆಪಾಡಿನ ಗುಟ್ಟು, ಕೇಳಬೇಡಿ. ಆಮೇಲೆ ಎಲ್‌ಟಿ (433 ವೋಲ್ಟಿನ ಬದಿ) ಬಿಚ್ಚಿಟ್ಟು, ಎಚ್‌ಟಿಗೆ (11 ಕೆವಿ ಬದಿ) ಎರಡೆರಡೇ ತುದಿಯಂತೆ 230 ವೋಲ್ಟ್. ಆರ್, ವೈ, ಬಿ ಎಂಬ ಮೂರು ಫೇಸ್‌ಗಳಲ್ಲಿ ಆರ್ ಕಾಲಿಗೆ ಸುಮಾರು 6 ಮಿಲಿಆಂಪಿಯರ್, ನಡುವಿನ ವೈಗೂ ಅದರ ಆಸುಪಾಸು. ಬಿಗೆ ಕೊಟ್ಟಾಗ ಮೀಟರ್ ನೂರು ದಾಟಿತು. ಆರ್‌ಗೆ ಕೊಟ್ಟು ಎಲ್‌ಟಿ ಅಳೆದರೆ ಆರ್‌ನಲ್ಲಿ 5.2 ವೋಲ್ಟ್, ವೈನಲ್ಲಿ ಹೆಚ್ಚುಕಡಿಮೆ ಅಷ್ಟೂ. ಒಂದು ವೋಲ್ಟಾದರೂ ಬರಬೇಕಿದ್ದ ಬಿಯಲ್ಲಿ ಸೊನ್ನೆಯ ಹತ್ತಿರ. ಅಂದರೆ ಬಿ ಕಾಯಿಲ್‌ನ ಒಂದೆರಡು ಸುತ್ತು ಒಂದಕ್ಕೊಂದು ಅಂಟಿವೆ. ಆ ಸುತ್ತಿನೊಳಗೆ ಸಾವಿರಾರು ಆಂಪಿಯರ್ ಸುತ್ತುತ್ತಿದ್ದರೂ ಹೊರಗಿನ ಲೈನಿಗೆ ಹೆಚ್ಚುವುದು ಬೆರಳೆಣಿಕೆಯಷ್ಟು. 84 ಆಂಪಿಯರ್ ಫುಲ್ ಲೋಡಿನಲ್ಲಿ ಪಾಪ, ಓವರ್‌ಕರೆಂಟ್ ರಿಲೇಗೆ ಅದು ಹೇಗೆ ಕಂಡೀತು?

ಇಂಥ ಒಳಗಿನ ಕಿಡಿ ಹಿಡಿಯಲು ಬಿದಿರುಕೋಲನ್ನು ಟ್ಯಾಂಕಿಗೆ ಒತ್ತಿ ಕಿವಿಗೊಟ್ಟು ಕೇಳುವ ಪ್ರಯೋಗವನ್ನೂ ಹಿಂದೊಮ್ಮೆ ಮಾಡಿದ್ದುಂಟು. ಚಟಚಟ ಸದ್ದು ಕೇಳಿ ಹಿಗ್ಗಿದ್ದೆ; ಸಡಿಲವಾಗಿದ್ದ ನೇಮ್‌ಪ್ಲೇಟ್ ಅದು.

ಟ್ಯಾಂಕ್ ಬಿಚ್ಚಿದಾಗ ಬಿ ಕಾಯಿಲ್‌ನ ಮೇಲ್ತುದಿಯಲ್ಲಿ ಕಾಗದ ಕರಕಲಾಗಿ, ಸಾಸಿವೆಯಷ್ಟು ತಾಮ್ರದ ಮಣಿ ಕಟ್ಟಿತ್ತು. ಸಾಹುಕಾರರು ಅದನ್ನು ಅಂಗೈಯಲ್ಲಿಟ್ಟುಕೊಂಡು ಬಹಳ ಹೊತ್ತು ನೋಡಿದರು. ಒಂದು ಕಾಯಿಲ್ ಬದಲಿಸಿ, ಎಣ್ಣೆ ಸೋಸಿ, ಮೂರು ಲಕ್ಷದೊಳಗೆ ಮುಗಿಯಿತು. ಹೊಸದಾಗಿದ್ದರೆ ಇಪ್ಪತ್ತು ದಾಟುತ್ತಿತ್ತು, ಬರಲು ಎರಡು ತಿಂಗಳು.

ಸಿರಿಂಜ್ ಎಲ್ಲಿ ಸಿಗುತ್ತದೆ ಎಂದು ಸರ್ವಿಸ್‌ನವರು ಕೇಳಿದರು. ಔಷಧದ ಅಂಗಡಿ ತೋರಿಸಿದೆ. ವೇರಿಯಾಕ್ ಪೆಟ್ಟಿಗೆಗೆ ಮಾತ್ರ ಬೀಗ ಹಾಕಿಕೊಂಡು ಬಂದೆ.