ಮೊತ್ತದ ಜಾಗದಲ್ಲಿ ‘ನ್ಯಾನ್’ ಬಂದರೆ ಏನು ಮಾಡಬೇಕು?

ಗಂಗಾವತಿಯ ಅಕ್ಕಿ ಗಿರಣಿಗೆ ಬಂದ ಮೂರು ಚೀಲ ಭತ್ತದ ತೂಕ 75, 74.5, 76 ಕೆ.ಜಿ. ಎಂದುಕೊಳ್ಳಿ. ವೆಬ್ ಪುಟಗಳಿಗೆ ಬಳಸುವ ಪ್ರೋಗ್ರಾಮಿಂಗ್ ಭಾಷೆ ಜಾವಾಸ್ಕ್ರಿಪ್ಟ್‌ನಲ್ಲಿ ಕೂಡಿಸಿದರೆ 225.5 ಬರಬೇಕು, ಬದಲಿಗೆ ಕೆಲವೊಮ್ಮೆ ಪರದೆ ಮೇಲೆ ‘ನ್ಯಾನ್’ (NaN) ಬರುತ್ತದೆ. ‘ಸಂಖ್ಯೆ ಅಲ್ಲ’ ಎಂದು ಅದರರ್ಥ. ಹೊಸಬರು ಕೂಡಲೇ ಲೂಪ್ (ಒಂದೊಂದೇ ಚೀಲಕ್ಕೆ ಅದೇ ಕೆಲಸ ಮತ್ತೆ ಮತ್ತೆ ಮಾಡಿಸುವ ಕೋಡ್) ಬಿಚ್ಚಿ ಕೂರುತ್ತಾರೆ. ಮೊದಲು ನೋಡಬೇಕಾದದ್ದು ಲೂಪಿನ ಮೇಲಿನ ಸಾಲು.

ವೇರಿಯಬಲ್ (ಬೆಲೆ ಇಡುವ ಹೆಸರು) ಘೋಷಿಸುವಾಗ ‘ಲೆಟ್ ಮೊತ್ತ;’ ಎಂದಷ್ಟೇ ಬರೆದರೆ ಮೊತ್ತದಲ್ಲಿ ಸೊನ್ನೆ ಇರುವುದಿಲ್ಲ, ‘ಅನ್‌ಡಿಫೈನ್ಡ್’ ಇರುತ್ತದೆ, ಅಂದರೆ ಇನ್ನೂ ಬೆಲೆ ಕೊಟ್ಟಿಲ್ಲ ಎಂದರ್ಥ. ಅದಕ್ಕೆ 75 ಕೂಡಿಸಿದರೆ ನ್ಯಾನ್; ನ್ಯಾನ್‌ಗೆ ಮುಂದೆ ಯಾವ ತೂಕ ಕೂಡಿಸಿದರೂ ನ್ಯಾನೇ. ಕೆಂಪು ಅಕ್ಷರದ ಎರರ್ ಕೂಡ ಬರುವುದಿಲ್ಲ. (ವೇರಿಯಬಲ್ ಹೆಸರನ್ನು ಕನ್ನಡದಲ್ಲೇ ಇಡಬಹುದು, ನಡೆಯುತ್ತದೆ. ‘ಲೆಟ್’ನಂಥ ಪದಗಳನ್ನು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡಿ.)

ಹೆಜ್ಜೆ 1: ಲೂಪಿನೊಳಗಿನ ಮೊದಲ ಸಾಲಿನಲ್ಲಿ ಮೊತ್ತವನ್ನು ಕನ್ಸೋಲ್‌ಗೆ (ಕೋಡ್ ಪರೀಕ್ಷಿಸಲು ಇರುವ ಕಿಟಕಿ) ಬರೆಸಿ. ಮೊದಲ ಸುತ್ತಿನಲ್ಲೇ ಅನ್‌ಡಿಫೈನ್ಡ್ ಕಂಡರೆ ಕಳ್ಳ ಸಿಕ್ಕ.

ಹೆಜ್ಜೆ 2: ಆರಂಭದ ಬೆಲೆ ಕೊಡಿ. ಎಡವುವುದು ಇಲ್ಲೇ, ಎಲ್ಲದಕ್ಕೂ 0 ಹಾಕಿಬಿಡುತ್ತಾರೆ. ಕೂಡಿಸಲು 0 ಸರಿ, ಗುಣಿಸಲು 1 ಬೇಕು. ಅಕ್ಷರ ಜೋಡಿಸಲು ಖಾಲಿ ಉದ್ಧರಣ ಚಿಹ್ನೆ ಇಡಿ, ಇಲ್ಲದಿದ್ದರೆ ‘ಅನ್‌ಡಿಫೈನ್ಡ್‌ಸೋನಾ ಮಸೂರಿ’ ಎಂದು ಅಂಟಿಕೊಂಡು ಬರುತ್ತದೆ. ಪಟ್ಟಿಗೆ ಖಾಲಿ ಚೌಕ ಆವರಣ. ಅತಿ ಕಡಿಮೆ ತೂಕದ ಚೀಲ ಹುಡುಕುವಾಗ 0 ಇಟ್ಟರೆ ಉತ್ತರ ಯಾವತ್ತೂ 0. ಏನೂ ಇಡದಿದ್ದರೆ ‘75 ಇದಕ್ಕಿಂತ ಕಡಿಮೆಯೇ?’ ಎಂಬ ಹೋಲಿಕೆ ಪ್ರತಿ ಸಲವೂ ಸುಳ್ಳಾಗಿ, ಕೊನೆವರೆಗೂ ಅನ್‌ಡಿಫೈನ್ಡ್ ಆಗಿಯೇ ಉಳಿಯುತ್ತದೆ. ಮೊದಲ ಚೀಲದ ತೂಕವನ್ನೇ ಆರಂಭಕ್ಕಿಡಿ.

ತಳಿವಾರು ಚೀಲ ಎಣಿಸುವಾಗ ಪ್ರತಿ ಹೊಸ ತಳಿಗೂ ಇದೇ ತೊಂದರೆ. ಹೀಗೆ ಬರೆಯಿರಿ:

ಎಣಿಕೆ[ತಳಿ] = (ಎಣಿಕೆ[ತಳಿ] ?? 0) + 1;

ಎಡಗಡೆ ಅನ್‌ಡಿಫೈನ್ಡ್ ಇದ್ದರೆ ಬಲಗಡೆಯ 0 ತೆಗೆದುಕೊಳ್ಳುವ ಈ ಜೋಡಿ ಪ್ರಶ್ನೆಚಿಹ್ನೆ ಜಾವಾಸ್ಕ್ರಿಪ್ಟ್‌ನ 2020ರ ಆವೃತ್ತಿಯಿಂದ ಇದೆ. ಹಾಗೆಂದು ಕಂಡಕಂಡಲ್ಲಿ ‘|| 0’ (ಅಥವಾ 0) ಅಂಟಿಸುವ ಅಡ್ಡದಾರಿ ಬೇಡ. ‘ಚೀಲ.ತೂಕ’ ಎಂಬುದನ್ನು ‘ಚೀಲ.ತುಕ’ ಎಂದು ತಪ್ಪಾಗಿ ಬರೆದಿದ್ದರೂ ಅದು ಸೊನ್ನೆ ಎಂದು ನುಂಗಿಕೊಳ್ಳುತ್ತದೆ. ನ್ಯಾನ್ ಆದರೂ ಕಣ್ಣಿಗೆ ಬೀಳುತ್ತದೆ, ತಪ್ಪು ಮೊತ್ತ ಬೀಳುವುದಿಲ್ಲ.

ಹೆಜ್ಜೆ 3: ಆರಂಭದ ಸಾಲು ಲೂಪಿನ ಹೊರಗೆ, ಮೇಲೆ ಇರಲಿ. ‘ಮೊತ್ತ = 0’ ಒಳಗೆ ಸೇರಿಕೊಂಡರೆ ಕೊನೆಯ ಚೀಲದ 76 ಮಾತ್ರ ಉಳಿಯುತ್ತದೆ. ಹೊರಗೊಮ್ಮೆ, ಒಳಗೊಮ್ಮೆ ‘ಲೆಟ್’ ಬರೆದರೆ ಅವು ಎರಡು ಬೇರೆ ವೇರಿಯಬಲ್‌ಗಳು. ಹೊರಗಿನದು 0 ಆಗಿಯೇ ಇರುತ್ತದೆ.

ವೇರಿಯಬಲ್ ಘೋಷಿಸುವ ಹಳೆಯ ಪದ ‘ವಾರ್’ (var) ಬಿಟ್ಟುಬಿಡಿ. ಘೋಷಿಸುವ ಸಾಲಿಗಿಂತ ಮೊದಲೇ ಬಳಸಿದರೂ ಅದು ಬಾಯಿಬಿಡದೆ ಅನ್‌ಡಿಫೈನ್ಡ್ ಕೊಡುತ್ತದೆ. ‘ಲೆಟ್’ ಆದರೆ ಅಲ್ಲೇ ಎರರ್ ಹೊಡೆಯುತ್ತದೆ.

ಇಷ್ಟಾದ ಮೇಲೂ ಮೊತ್ತ ‘07574.576’ ಎಂದು ಬಂದರೆ, ಇನ್‌ಪುಟ್ ಡಬ್ಬಿಯಿಂದ ಬಂದದ್ದು ಅಂಕಿಯಲ್ಲ, ಅಕ್ಷರ. ‘ನಂಬರ್’ ಫಂಕ್ಷನ್ನಿಗೆ ಕೊಟ್ಟು ಆಮೇಲೆ ಕೂಡಿಸಿ. ಯಾರಾದರೂ ‘75 ಕೆ.ಜಿ.’ ಎಂದು ಟೈಪ್ ಮಾಡಿದ್ದರೆ ಅಲ್ಲೂ ನ್ಯಾನ್ ಬರುತ್ತದೆ. ಅದಕ್ಕೆ ‘ಪಾರ್ಸ್‌ಫ್ಲೋಟ್’ ಬಳಸಿ, 75 ಸಿಗುತ್ತದೆ.